ತಂತಿ ಕಿತ್ತ ಬೇಸಿಗೆ

ವೈರ್‌ಲೆಸ್ ಪೆಟ್ಟಿಗೆಗೆ ಕುಂಕುಮ ಹಚ್ಚಿ ತೆಂಗಿನಕಾಯಿ ಒಡೆದ ದಿನ ನಾನು ಕಚೇರಿಯ ಹಿಂದೆ ನಿಂತು ಎಲೆ ಅಡಿಕೆ ಉಗುಳುತ್ತಿದ್ದೆ. ಎರಡು ಸಲ ಕರೆ ಬಂತು, ಹೋಗಲಿಲ್ಲ. ತಗಡಿನ ಡಬ್ಬಿಗೆ ಕೈಮುಗಿಯುವಷ್ಟು ನಾನಿನ್ನೂ ಕೆಟ್ಟಿರಲಿಲ್ಲ.

ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ನಾನು ರಾಮದುರ್ಗದ ಒಂದು ಸಣ್ಣ ನೀರಾವರಿ ಕಚೇರಿಯಲ್ಲಿ ತಾರು ಗುಮಾಸ್ತ, ಜನರ ಬಾಯಲ್ಲಿ ಮಾಸ್ತರ. ನವಿಲುತೀರ್ಥದ ಅಣೆಕಟ್ಟೆಯಿಂದ ನಮ್ಮಲ್ಲಿಯವರೆಗೆ ಕಂಬದ ಮೇಲೆ ತಂತಿ ಎಳೆದಿದ್ದರು. ಅಲ್ಲಿ ಹೊಳೆಗೆ ನೀರು ಬಿಡುವ ಮುಂಚೆ ನನಗೆ ಸುದ್ದಿ ಬರಬೇಕು, ನಾನು ದಂಡೆಯ ಜನಕ್ಕೆ ಹೇಳಬೇಕು. ಆ ತುದಿಯಲ್ಲಿ ನನ್ನಂಥವನೇ ಒಬ್ಬ ಗುಮಾಸ್ತನಿದ್ದ. ಎಂಟು ವರ್ಷ ನಾವಿಬ್ಬರೂ ತಾರಿನ ಕೀಲಿ ಬಡಿಯುವ ಕಟ್ಟು ಕಡ ಸದ್ದಿನಲ್ಲೇ ಮಾತಾಡಿದ್ದೆವು. ಮಳೆ, ಜೋಳದ ದರ, ಮಕ್ಕಳ ಜ್ವರ, ಮೇಲಿನವರ ಮೂರ್ಖತನ, ಎಲ್ಲವೂ ತಂತಿಯ ಮೇಲೆ ಹೋಗಿ ಬರುತ್ತಿತ್ತು. ಮುಖ ನೋಡಿರಲಿಲ್ಲ, ದನಿ ಕೇಳಿರಲಿಲ್ಲ. ಆದರೆ ಅವನ ಕೈ ನನಗೆ ಗೊತ್ತಿತ್ತು. ಪ್ರತಿ ಮಾತಿನ ಕೊನೆಯ ಅಕ್ಷರವನ್ನು ಒಂದು ಚೂರು ಎಳೆದು ಬಿಡುತ್ತಿದ್ದ. ಬೇರೆ ಯಾರಾದರೂ ಕುಳಿತು ಬಡಿದರೆ ಮೊದಲ ಮಾತಿಗೇ ಹಿಡಿಯುತ್ತಿದ್ದೆ. ನನ್ನ ಮಗಳ ತೊಟ್ಟಿಲಿಗೆ ಕರೆದೆ, ಮನೆ ಕಟ್ಟಿದಾಗ ಕರೆದೆ. ಪ್ರತಿ ಸಲವೂ ಏನಾದರೊಂದು ನೆವ ಹೇಳಿ ತಪ್ಪಿಸಿಕೊಂಡ. ಯಾಕೆಂದು ನಾನು ಯೋಚಿಸಲಿಲ್ಲ.

ಆಮೇಲೆ ಬೈಲಹೊಂಗಲದ ಕಡೆಯಿಂದ ಒಬ್ಬ ಸಾಹೇಬ ಅಣೆಕಟ್ಟೆಗೆ ವರ್ಗವಾಗಿ ಬಂದ. ಬಂದವನೇ ತಂತಿ ಹಳೇ ಕಾಲದ್ದು, ಕಿತ್ತು ಹಾಕಿ ಎಂದ. ಕಪ್ಪು ಕನ್ನಡಕದ ಮನುಷ್ಯ. ನೆರಳಲ್ಲಿ ಪೆಟ್ಟಿಗೆಯ ಮುಂದೆ ಕುಳಿತಾಗಲೂ ಅದನ್ನು ತೆಗೆಯುತ್ತಿರಲಿಲ್ಲವಂತೆ, ಅವನ ದನಿಗೂ ಬಿಸಿಲು ತಾಗುತ್ತಿತ್ತೋ ಏನೋ. ಬ್ಯಾಟರಿ ಉಳಿಸಬೇಕೆಂದು ಮುಂಜಾನೆ ಹತ್ತಕ್ಕೆ, ಸಂಜೆ ನಾಲ್ಕಕ್ಕೆ ಮಾತ್ರ ಪೆಟ್ಟಿಗೆ ಹಚ್ಚುವ ಅಪ್ಪಣೆಯಾಯಿತು. ಹಗಲಿಡೀ ಎಚ್ಚರವಿದ್ದ ತಂತಿಯನ್ನು ಕಿತ್ತು, ದಿನಕ್ಕೆ ಎರಡು ಸಲ ಕಣ್ಣುಬಿಡುವ ಡಬ್ಬಿಯನ್ನು ತಂದು ಅದಕ್ಕೆ ಸುಧಾರಣೆ ಎಂದು ಹೆಸರಿಟ್ಟರು. ಆ ತುದಿಯಲ್ಲಿ ಮಾತಾಡಲು ಬೇರೊಬ್ಬ ಆಪರೇಟರ್ ಬಂದ, ನನ್ನ ದೋಸ್ತನನ್ನು ಲೆಕ್ಕ ಬರೆಯಲು ಕೂಡಿಸಿದರಂತೆ. ಆ ಹತ್ತು ಗಂಟೆಗೆ ಬರುತ್ತಿದ್ದದ್ದಾದರೂ ಏನು? ಗರಗರ ಸದ್ದು, ನಡುವೆ ಸಾಹೇಬನ “ಹಲೋ ಹಲೋ, ಟೆಸ್ಟಿಂಗ್.” ಒಂದು ದಿನ ಕಟಕೋಳದ ಹತ್ತಿರ ಕಾಲುವೆ ಒಡೆದಿದೆ ಎಂದ. ಬಿಸಿಲಲ್ಲಿ ಸೈಕಲ್ ತುಳಿದು ಹೋದರೆ ಕಾಲುವೆ ತನ್ನ ಪಾಡಿಗೆ ತಾನಿತ್ತು. ನಾನು ಎಷ್ಟು ಬೇಗ ಹೋಗುತ್ತೇನೆಂದು ಪರೀಕ್ಷೆ ಮಾಡಿದ್ದನಂತೆ.

ತಂತಿ ಕಿತ್ತಾಗ ತಂತಿ ಕಾಯುತ್ತಿದ್ದ ಕಾಕಾನನ್ನೂ ಕಿತ್ತರು. ದಿನಗೂಲಿಯ ಮನುಷ್ಯ, ನಾಳೆಯಿಂದ ಬರಬೇಡ ಎಂದರೆ ಮುಗಿಯಿತು. ಅವನು ಹೆಂಡತಿಯನ್ನು ಕರೆದುಕೊಂಡು ಹೊಳೆಯ ಉಸುಕಿನಲ್ಲಿ ಕುಣಿ ತೆಗೆದು ಕಲ್ಲಂಗಡಿ ಹಾಕಿದ. ಕೊಡದಲ್ಲಿ ನೀರು ಹೊತ್ತು ಬಳ್ಳಿ ಬೆಳೆಸಿದ. ಆ ವರ್ಷ ಅವರ ಅನ್ನವೆಂದರೆ ಅದೊಂದೇ. “ನೀರು ಬಿಡು ಮುಂದ ಒಂದ್ ಮಾತು ತಿಳಸ್ರಿ ಮಾಸ್ತರ್ರ, ಅಷ್ಟ ಸಾಕು,” ಎಂದಿದ್ದ. “ನಾ ಇದ್ದೇನಲ್ಲೋ ಕಾಕಾ,” ಎಂದಿದ್ದೆ.

ಕಾಯಿ ಹಣ್ಣಾಗಿ, ನಾಡಿದ್ದು ಬಳ್ಳಿಯಿಂದ ಹರಿದು ಸಂತೆಗೆ ಒಯ್ಯಬೇಕು ಎನ್ನುವ ಹೊತ್ತಿಗೆ ಆ ದಿನ ಬಂತು. ಹತ್ತು ಗಂಟೆಗೆ ಪೆಟ್ಟಿಗೆ ಹಚ್ಚಿದೆ. ಸಾಹೇಬನ ದನಿಯಲ್ಲ, ಆಪರೇಟರನದೂ ಅಲ್ಲ, ಯಾವುದೋ ಹೊಸ ದನಿ. ಸಣ್ಣಗೆ, ಮುರಿದು ಮುರಿದು ಬರುತ್ತಿತ್ತು.

“ನೀ... ನೀ... ನೀರು... ಬಿ... ಬಿ...”

ಸಾಹೇಬ ಯಾರನ್ನೋ ಕೂಡಿಸಿ ಮತ್ತೆ ಆಟ ಹೂಡಿದ್ದಾನೆ ಎಂದುಕೊಂಡೆ. “ಯಾರ್ರೀ ಅದು?” ಎಂದೆ. ಬಹಳ ಹೊತ್ತು ಒದ್ದಾಡಿದ ಮೇಲೆ ಆ ದನಿ, ತಾನೇ ನನ್ನ ಎಂಟು ವರ್ಷದ ದೋಸ್ತ ಎಂದಿತು. ನನಗೆ ಮೈಯೆಲ್ಲ ಉರಿಯಿತು. ನನ್ನ ದೋಸ್ತ ತಂತಿಯ ಮೇಲೆ ಅರಳು ಹುರಿದಂತೆ ಮಾತಾಡುವವನು. ಅವನ ಹೆಸರು ಹೇಳಿಕೊಂಡು ಚೇಷ್ಟೆಯೇ?

“ಲೇ, ನಿನ್ನ ನಾಲಿಗಿ ಹೊರಳಂಗಿಲ್ಲೇನು?” ಎಂದೆ. ಅಷ್ಟಕ್ಕೇ ಬಿಡಲಿಲ್ಲ. “ನೀ... ನೀ... ನೀರು” ಎಂದು ಅದೇ ಧಾಟಿಯಲ್ಲಿ ಅಣಕಿಸಿ, ನಕ್ಕು, ಪೆಟ್ಟಿಗೆ ಬಂದ್ ಮಾಡಿದೆ. ಕಚೇರಿಯ ಜನವೂ ನಕ್ಕಿತು. ಮಧ್ಯಾಹ್ನ ಮನೆಗೆ ಹೋಗಿ ಹೊಟ್ಟೆ ತುಂಬ ಉಂಡೆ.

ನಾಲ್ಕಕ್ಕೆ ಮತ್ತೆ ಹಚ್ಚಿದೆ. ಯಾರೂ ಮಾತಾಡಲಿಲ್ಲ. ಗರಗರದ ನಡುವೆ ಸದ್ದೊಂದು ಕೇಳಿತು. ಪೆನ್ಸಿಲ್ ತುದಿಯಿಂದ ಯಾರೋ ಮೈಕಿನ ಮೇಲೆ ಬಡಿಯುತ್ತಿದ್ದರು. ಮೊದಲ ಮಾತು ಮುಗಿಯುವಷ್ಟರಲ್ಲಿ ಆ ಕೈಯ ಗುರುತು ಸಿಕ್ಕಿತು. ಕೊನೆಯ ಅಕ್ಷರ ಒಂದು ಚೂರು ಎಳೆದಿತ್ತು. ನೀರು ಬಿಟ್ಟು ನಾಲ್ಕು ತಾಸಾಯಿತು, ಹೊಳೆ ಖಾಲಿ ಮಾಡಿಸು ಎಂದು ಬಡಿಯುತ್ತಿದ್ದ. ಸಾಹೇಬ ಸವದತ್ತಿಗೆ ಹೋಗಿದ್ದ, ಮಾತಾಡುವ ಆಪರೇಟರ್ ರಜೆಯಲ್ಲಿದ್ದ. ಇದೆಲ್ಲ ಆಮೇಲೆ ತಿಳಿಯಿತು. ಜನ್ಮದಿಂದ ಉಗ್ಗುತ್ತಿದ್ದ ಮನುಷ್ಯ, ಜನರೆದುರು ಬಾಯಿ ತೆರೆಯಲು ಅಂಜಿ ತಾರಿನ ಕೆಲಸ ಹಿಡಿದವನು, ಆ ಮುಂಜಾನೆ ದಂಡೆಯ ಜನಕ್ಕಾಗಿ ಬಾಯಿ ತೆರೆದಿದ್ದ.

ಓಡಿದೆ. ಕಾಕಾ ಮತ್ತು ಅವನ ಹೆಂಡತಿ ಬಳ್ಳಿಯ ನಡುವೆ ಇದ್ದರು. ಕೂಗಿ ದಂಡೆಗೆ ಹತ್ತಿಸಿದೆ. ಕೈಗೆ ಸಿಕ್ಕ ಹತ್ತೆಂಟು ಹಣ್ಣು ಹೊತ್ತು ತಂದರು. ಅಷ್ಟರಲ್ಲಿ ಕೆಂಪು ನೀರು ಬಂತು. ಹಣ್ಣುಗಳು ಒಂದೊಂದಾಗಿ ಎದ್ದು ತೇಲಿ ಹೋದವು. ಆ ಹೆಂಗಸು ಅಳಲಿಲ್ಲ, ಸೆರಗು ಬಾಯಿಗೆ ಒತ್ತಿಕೊಂಡು ನೋಡುತ್ತ ನಿಂತಳು.

“ಮುಂಜಾನೆ ತಿಳಿದಿದ್ರ ಎಲ್ಲಾ ಹರಕೋತಿದ್ವಿ,” ಎಂದ ಕಾಕಾ. “ಸುದ್ದಿ ಯಾವಾಗ ಬಂತ್ರಿ ಮಾಸ್ತರ್ರ?”

“ಈಗ ಬಂತೋ. ಆ ಹಾಳ ಡಬ್ಬಿ ಮುಂಜಾನಿಂದ ಕೆಟ್ಟಿತ್ತು.”

“ನೀವಂದಿದ್ದು ಖರೆ ಐತ್ರಿ, ತಂತೀನ ಚಲೋ ಇತ್ತು,” ಎಂದು ಅವನು ಒಂದು ಹಣ್ಣು ಎತ್ತಿ ನನ್ನ ಕೈಗಿಟ್ಟ. ಬೇಡವೆನ್ನಲಿಲ್ಲ, ಮನೆಗೆ ಒಯ್ದೆ.

ಸಾಹೇಬ ಎರಡು ಜೀವ ಉಳಿದದ್ದು ವೈರ್‌ಲೆಸ್ಸಿನಿಂದ ಎಂದು ವರದಿ ಬರೆದು ಶಾಲು ಹೊದ್ದುಕೊಂಡ. ಅವನಿಗೆ ನಾಚಿಕೆಯಿಲ್ಲ ಎಂದು ಊರ ತುಂಬ ಹೇಳುತ್ತ ತಿರುಗಿದೆ. ನನಗಿತ್ತೇ?

ಮಳೆಗಾಲದ ಮೊದಲು, ಅಣೆಕಟ್ಟೆಯ ಹತ್ತಿರ ಅವನಿದ್ದ ಮುನವಳ್ಳಿಗೆ ಹೋಗಿ ದೋಸ್ತನನ್ನು ಹುಡುಕಿದೆ. ತೆಳ್ಳಗಿನ ಮನುಷ್ಯ, ಅಂಗಿಯ ಗುಂಡಿ ಕೊರಳತನಕ ಹಾಕಿಕೊಂಡಿದ್ದ. ಚಹಾದಂಗಡಿಯಲ್ಲಿ ಎದುರುಬದುರು ಕುಳಿತೆವು. ಏನು ಹೇಳಬೇಕೋ ತಿಳಿಯದೆ ಚಮಚ ತೆಗೆದುಕೊಂಡು ಮೇಜಿನ ಮೇಲೆ ನಮ್ಮ ಹಳೆಯ ಭಾಷೆಯಲ್ಲಿ ಬಡಿಯತೊಡಗಿದೆ. ತಪ್ಪಾಯಿತು, ಕ್ಷಮಿಸು.

ಅರ್ಧ ಮುಗಿದಿರಲಿಲ್ಲ, ಅವನು ನನ್ನ ಕೈ ಮೇಲೆ ಕೈಯಿಟ್ಟು ಒತ್ತಿ ಹಿಡಿದ. ಅಂಗಡಿಯವನು, ಪಕ್ಕದವರು, ಎಲ್ಲರೂ ನೋಡುತ್ತಿದ್ದರು. ಅವನು ಯಾರಿಗೂ ಅಂಜದೆ, ಅವಸರ ಮಾಡದೆ, ಒಂದೊಂದೇ ಅಕ್ಷರ ಹೊರಗೆ ತಂದ.

“ಬಾ... ಬಾ... ಬಾಯಿಲೆ... ಹೇ... ಹೇಳ್ರಿ.”

ನಾನು ಬಾಯಿ ತೆರೆದೆ. ಚಹಾ ಆರಿತು, ಸವದತ್ತಿಯ ಬಸ್ಸು ಬಂದು ಹೋಯಿತು. ನನ್ನ ನಾಲಿಗೆ ಹೊರಳಲಿಲ್ಲ.