ಪಕ್ಕದ ಮನೆಗೆ ಕೊಟ್ಟ ಒಂದು ಚೀಲ ಗೊಬ್ಬರ

ಮೂಡುಬಿದಿರೆಯ ಮಳೆಗಾಲದಲ್ಲಿ ಗಿಡಕ್ಕೆ ಗೊಬ್ಬರ ಹಾಕುವುದೆಂದರೆ ಮಳೆಗೇ ಊಟ ಬಡಿಸಿದ ಹಾಗೆ. ಜೂನಿನಲ್ಲಿ ಹಾಕಿದ್ದು ಜುಲೈಯಲ್ಲಿ ಚರಂಡಿಯಲ್ಲಿರುತ್ತದೆ. ಕೆಲವು ವರ್ಷ ಹೀಗೆ ಕೈಸುಟ್ಟುಕೊಂಡ ಮೇಲೆ ನಾನೊಂದು ಕ್ರಮ ಕಲಿತೆ. ಮಣ್ಣು ಅಗೆಯುವುದಿಲ್ಲ. ಮಳೆ ಸ್ವಲ್ಪ ಹೊಳವು ಕೊಟ್ಟ ದಿನ ತರಕಾರಿ ಪಾತಿಯ ಮೇಲೆ ಎರಡು ಬೆರಳು ದಪ್ಪಕ್ಕೆ ಕಾಂಪೋಸ್ಟ್ ಹರಡಿ, ಹನಿ ನೇರ ಬೀಳದಂತೆ ತರಗೆಲೆ ಮುಚ್ಚುತ್ತೇನೆ. ಅದನ್ನು ಕೆಳಗೆ ಎಳೆದುಕೊಂಡು ಹೋಗುವುದು ಎರೆಹುಳಗಳ ಕೆಲಸ. ಈ ವಿದ್ಯೆಯನ್ನು ಮನೆಗೆ ಬಂದವರಿಗೆಲ್ಲ ಕೊರೆಯುತ್ತಿದ್ದೆ. ನಾನು ಗೊಬ್ಬರದ ಮಾತು ತೆಗೆದರೆ ಗಂಡ ಟಿವಿಯ ಸ್ವರ ಹೆಚ್ಚಿಸುತ್ತಿದ್ದರು.

ಮನಸ್ಸಿಟ್ಟು ಕೇಳಿದವರು ಪಕ್ಕದ ಮನೆಯ ಅಮ್ಮ ಒಬ್ಬರೇ. ಎಪ್ಪತ್ತು ದಾಟಿದ ಜೈನರ ಹೆಂಗಸು. ಮಳೆಗಾಲ ಮುಗಿಯುವವರೆಗೆ ಅವರು ಸೊಪ್ಪು ತಿನ್ನುವುದಿಲ್ಲ, ಅದರಲ್ಲಿ ಹುಳ ಇರುತ್ತದೆಂದು. ಗಡ್ಡೆ ಗೆಣಸು ಯಾವಾಗಲೂ ಇಲ್ಲ. ಊಟ ಹೊತ್ತು ಮುಳುಗುವ ಮೊದಲೇ. ಹಿಂದೆ ಅವರೂ ತರಕಾರಿ ಬೆಳೆಸುತ್ತಿದ್ದರಂತೆ. ಒಂದು ದಿನ ಹಾರೆಗೆ ಸಿಕ್ಕಿ ತುಂಡಾದ ಎರೆಹುಳ ನೋಡಿ ಬಿಟ್ಟುಬಿಟ್ಟರಂತೆ.

"ಅಗೆಯದೆ ಬೆಳೆಸ್ತೀಯಾ? ಹಾಗಾದರೆ ನಿನ್ನ ತರಕಾರಿ ನಾನು ಧೈರ್ಯದಿಂದ ತಿನ್ನಬಹುದು," ಎಂದರು.

ಅಂದಿನಿಂದ ಹೀರೆಯಾಗಲಿ, ಬೆಂಡೆಯಾಗಲಿ, ಅಲಸಂಡೆಯಾಗಲಿ, ಮೊದಲು ಕೊಯ್ದದ್ದು ಕಂಪೌಂಡ್ ಗೋಡೆಯಾಚೆಗೆ ಹೋಗುತ್ತಿತ್ತು. "ಒಂದು ಜೀವಕ್ಕೂ ನೋವು ಮಾಡದೆ ಬೆಳೆಸಿದ್ದು," ಎಂದು ಅಮ್ಮ ನೆಂಟರಿಗೆಲ್ಲ ಹೇಳುವರು. ಅದು ಕಿವಿಗೆ ಬಿದ್ದಾಗ ನಾನು ಉಬ್ಬಿಹೋಗುತ್ತಿದ್ದೆ.

ನಮ್ಮ ಕಾಂಪೋಸ್ಟ್ ತಯಾರಾಗುವುದು ಹಿತ್ತಲಿನ ಸಿಮೆಂಟ್ ರಿಂಗಿನಲ್ಲಿ. ತರಗೆಲೆ, ಸೆಗಣಿ, ತರಕಾರಿ ಸಿಪ್ಪೆ ಅದಕ್ಕೆ ಬೀಳುತ್ತವೆ. ಜೊತೆಗೆ, ನಮ್ಮದು ಮೀನಿಲ್ಲದೆ ಅನ್ನ ಇಳಿಯದ ಮನೆ. ಬಂಗುಡೆಯ ತಲೆ, ಬೂತಾಯಿಯ ಕರುಳು, ತಿಂದುಳಿದ ಮುಳ್ಳು, ಎಲ್ಲವೂ ಅದಕ್ಕೇ. ನನ್ನ ಹೀರೆಬಳ್ಳಿ ಅಷ್ಟು ಸೊಕ್ಕಿ ಬೆಳೆಯುತ್ತಿದ್ದದ್ದು ಯಾವುದರಿಂದ ಎಂದು ನನಗೆ ಗೊತ್ತೇ ಇತ್ತು. ಅಮ್ಮನ ಹೊಗಳಿಕೆ ಕೇಳುವಾಗ ಮಾತ್ರ ಅದನ್ನು ನೆನೆಸಿಕೊಳ್ಳುತ್ತಿರಲಿಲ್ಲ.

ಈ ಸಲ ಆಟಿ ತಿಂಗಳ ಜಡಿಮಳೆ ಹಿಡಿಯುವ ಮೊದಲು ಅಮ್ಮ ಗೋಡೆಯ ಹತ್ತಿರ ಬಂದರು. ಬಸದಿಗೆ ಹೂ ಒಯ್ಯಲೆಂದೇ ಬೆಳೆಸಿದ ಅವರ ನಂದಿಬಟ್ಟಲಿನ ಬುಡದ ಮಣ್ಣು ತೊಳೆದುಹೋಗಿ ಬೇರು ಕಾಣುತ್ತಿತ್ತು.

"ನಿನ್ನ ಆ ಗೊಬ್ಬರ ಒಂದು ಚೀಲ ಕೊಡ್ತೀಯಾ? ಅದರಲ್ಲಿ ಏನೆಲ್ಲ ಉಂಟು?"

"ತರಗೆಲೆ, ಸೆಗಣಿ, ತರಕಾರಿ ಸಿಪ್ಪೆ," ಎಂದೆ. ಅಲ್ಲಿಗೆ ನಿಲ್ಲಿಸಿದೆ.

ಒಳಗೆ ಬಂದು ಗಂಡನಿಗೆ ಹೇಳಿದರೆ, "ಅಂಗಡಿಯ ತರಕಾರಿಗೆ ಏನು ಹಾಕ್ತಾರೆ ಅಂತ ಅವರಿಗೆ ಗೊತ್ತುಂಟಾ? ಸುಮ್ಮನೆ ಕೊಡು ಮಾರಾಯ್ತಿ," ಎಂದರು. ಆದರೆ ಅಮ್ಮ ಅಂಗಡಿಯವನನ್ನು ಕೇಳಿರಲಿಲ್ಲ, ನನ್ನನ್ನು ಕೇಳಿದ್ದರು. ಆದರೂ ಕೊಟ್ಟೆ. ಜರಡಿ ಹಿಡಿದು, ಕಣ್ಣಿಗೆ ಕಂಡ ಮುಳ್ಳನ್ನೆಲ್ಲ ಹೆಕ್ಕಿ ತೆಗೆದು ಕೊಟ್ಟೆ. ಅಮ್ಮ ಕುಕ್ಕರಗಾಲಿನಲ್ಲಿ ಕುಳಿತು ಬರಿಗೈಯಿಂದ ಅದನ್ನು ಗಿಡದ ಬುಡಕ್ಕೆ ಹರಡಿದರು. ತರಗೆಲೆ ಮುಚ್ಚಲು ಮಾತ್ರ ಒಪ್ಪಲಿಲ್ಲ. ಎಲೆಯಡಿ ಹುಳ ಸೇರಿದರೆ ಯಾರದಾದರೂ ಕಾಲಿಗೆ ಸಿಕ್ಕಿ ಸಾಯುತ್ತವೆ ಎಂದರು.

ಆಟಿಯ ಮಳೆ ಹಗಲು ರಾತ್ರಿ ಬಿಡದೆ ಹೊಡೆಯಿತು. ಅದು ನಿಂತ ಬೆಳಿಗ್ಗೆ ಗೋಡೆಯ ಮೇಲಿಂದ ಇಣುಕಿ ನೋಡಿದೆ. ಮೇಲಿನ ಪುಡಿಗೊಬ್ಬರವನ್ನೆಲ್ಲ ಮಳೆ ತೊಳೆದು ಒಯ್ದಿತ್ತು. ಜರಡಿಯಲ್ಲಿ ನನ್ನ ಕಣ್ಣು ತಪ್ಪಿಸಿದ ಮುಳ್ಳುಗಳು, ಬೆನ್ನುಮೂಳೆಯ ಸಣ್ಣ ಸಣ್ಣ ತುಂಡುಗಳು ನಂದಿಬಟ್ಟಲಿನ ಬುಡದಲ್ಲಿ ಬೆಳ್ಳಗೆ ಕಾಣುತ್ತಿದ್ದವು. ನನ್ನ ಪಾತಿಯಲ್ಲಿ ತರಗೆಲೆ ಮುಚ್ಚಿರುತ್ತಿದ್ದುದರಿಂದ ಇದನ್ನು ನಾನು ಎಂದೂ ನೋಡಿರಲಿಲ್ಲ. ಅಮ್ಮನ ಕಣ್ಣಿಗೆ ಪೊರೆ ಬಂದಿದೆ. ಉದುರಿದ ಹೂವಿನ ಎಸಳೆಂದು ಅವರು ತಿಳಿದಿರಬೇಕು.

ಅವರು ಬಸದಿಗೆ ಹೋದ ಹೊತ್ತು ನೋಡಿ ಆಚೆ ಹೋದೆ. ಕಳ್ಳಿಯ ಹಾಗೆ ಬಗ್ಗಿ ಒಂದೊಂದನ್ನೇ ಹೆಕ್ಕುತ್ತಿದ್ದಾಗ ಹಿಂದಿನಿಂದ ಸ್ವರ ಬಂತು. "ಮಳೆಗೆ ಮಣ್ಣು ಹೋಯಿತಾ ಅಂತ ನೋಡಲಿಕ್ಕೆ ಬಂದೆಯಾ? ನಿನ್ನಂಥವಳು ಪಕ್ಕದಲ್ಲಿರುವುದು ನನ್ನ ಪುಣ್ಯ."

ಅಮ್ಮ ಬಾಳೆಲೆಯ ತುಂಡಿನಲ್ಲಿದ್ದ ಗಂಧ, ಹೂವಿನ ಪ್ರಸಾದವನ್ನು ನನ್ನ ಕಡೆ ಚಾಚಿದರು. ನನ್ನ ಮುಷ್ಟಿಯಲ್ಲಿ ಮೀನಿನ ಮುಳ್ಳಿತ್ತು. ಕೈ ಒಡ್ಡಲು ಆಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಮುಷ್ಟಿ ಬಿಚ್ಚಿ ತೋರಿಸಿದೆ. ಇಷ್ಟು ಕಾಲ ಕೊಟ್ಟ ತರಕಾರಿಯೂ ಇದರಲ್ಲೇ ಬೆಳೆದದ್ದೆಂದು ಹೇಳಿದೆ.

ಅವರು ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. ಒಂದು ಮುಳ್ಳನ್ನು ಎತ್ತಿ ಕಣ್ಣಿಗೆ ಹತ್ತಿರ ಹಿಡಿದು ನೋಡಿದರು. "ಕೇಳಿದಾಗ ಹೇಳಬಹುದಿತ್ತಲ್ಲ," ಎಂದಷ್ಟೇ ಅಂದು ಒಳಗೆ ಹೋದರು.

ಹೇಳಿದ ಮೇಲೆ ನನಗೆ ಎದೆಯ ಭಾರ ಇಳಿದಂತಾಯಿತು. ಆ ರಾತ್ರಿ ಒಳ್ಳೆಯ ನಿದ್ದೆಯೂ ಬಂತು. ಮರುದಿನ ಅವರ ಸೊಸೆ ಬಟ್ಟೆ ಒಣಗಿಸುತ್ತಾ, "ಅತ್ತೆ ನಿನ್ನೆಯಿಂದ ಬಿಸಿನೀರು ಬಿಟ್ಟರೆ ಏನೂ ಮುಟ್ಟಲಿಲ್ಲ. ಉಪವಾಸವಂತೆ. ಶುಗರ್ ಉಂಟು, ಹೇಳಿದರೆ ಕೇಳುವುದಿಲ್ಲ," ಎಂದಳು. ಯಾಕೆಂದು ಅವಳಿಗೆ ಗೊತ್ತಿರಲಿಲ್ಲ. ಅಮ್ಮ ನನ್ನ ಸುದ್ದಿಯನ್ನೇ ಎತ್ತಿರಲಿಲ್ಲ. ತಪ್ಪು ನನ್ನದು, ಹಸಿವು ಅವರದ್ದು. ನಾನು ಹಗುರಾಗಲೆಂದು ಇಳಿಸಿದ್ದನ್ನು ಆ ವಯಸ್ಸಾದ ಜೀವದ ಮೇಲೆ ಹೊರಿಸಿದ್ದೆ. ಮಧ್ಯಾಹ್ನ ನನಗೂ ಅನ್ನ ಸೇರಲಿಲ್ಲ.

"ನೀನು ಊಟ ಬಿಟ್ಟರೆ ಅವರ ಹೊಟ್ಟೆ ತುಂಬ್ತದಾ?" ಎಂದು ಗಂಡ ಕೇಳಿದರು.

ಉಪವಾಸ ಮುಗಿದ ಮೇಲೆ ಹೋಗಿ, ಆ ಮಣ್ಣನ್ನೆಲ್ಲ ಕೆರೆದು ತೆಗೆದು ಹೊಸ ಮಣ್ಣು ಹಾಕಿ ಕೊಡುತ್ತೇನೆಂದೆ.

"ಬೇಡ. ಅದರಲ್ಲಿ ಈಗ ಎರೆಹುಳ ಆಗಿದೆ. ಕೆರೆದರೆ ಅವು ಸಾಯುವುದಿಲ್ಲವಾ? ಇರಲಿ ಬಿಡು."

ಹಾಗೆಯೇ ಇದೆ. ನಂದಿಬಟ್ಟಲು ಹಿಂದೆಂದೂ ಬಿಡದಷ್ಟು ಹೂ ಬಿಡುತ್ತಿದೆ. ಅಮ್ಮ ನನ್ನೊಡನೆ ಮಾತಾಡುತ್ತಾರೆ, ಮಳೆಯ ಬಗ್ಗೆ, ಸೊಸೆಯ ಅಡುಗೆಯ ಬಗ್ಗೆ. ಹೀರೆಕಾಯಿ ಕೊಡಲು ನಾನು ಹೋಗುವುದಿಲ್ಲ, ಅವರು ಕೇಳುವುದೂ ಇಲ್ಲ. ಬಸದಿಗೆ ಹೊರಟಾಗ ಅವರ ಕೈಯಲ್ಲಿ ಪೇಟೆಯಿಂದ ತರಿಸಿದ ಹೂವಿನ ಪೊಟ್ಟಣ ಇರುತ್ತದೆ. ಗಿಡದ ಹತ್ತಿರ ಬಂದಾಗ ಕೊಡೆ ಓರೆ ಮಾಡಿ, ಕೆಳಗೆ ಉದುರಿದ ಹೂ ತುಳಿಯದಂತೆ ಸುತ್ತು ಹಾಕಿ ಹೋಗುತ್ತಾರೆ. ನಾನು ಮೀನು ಶುಚಿ ಮಾಡುವ ಹಿತ್ತಲಿನ ಕಲ್ಲಿನಿಂದ ಅದು ಚೆನ್ನಾಗಿ ಕಾಣುತ್ತದೆ.