ಜೈಲಿನ ಗೇಟಿನಲ್ಲಿ ಒಂದು ‘ಆಶಿ’

ಕೋವಿಡ್ ಹಿಂದೆ ಸರಿದು ಚಿತ್ರಮಂದಿರಗಳು ಮತ್ತೆ ತುಂಬತೊಡಗಿದ್ದ ವರ್ಷ. ನಾನಾಗ ಜಾದವ್‌ಪುರದ ಸಣ್ಣ ಸ್ಟುಡಿಯೋ ಒಂದರಲ್ಲಿ ಫಿಲ್ಮ್ ಎಡಿಟರ್. ಹುಟ್ಟಿದ್ದು ಧಾರವಾಡದಲ್ಲಾದರೂ ಕೋಲ್ಕತ್ತಾದಲ್ಲಿ ಕೆಲಸ ಮಾಡುತ್ತ ಬಂಗಾಳಿ ಮನೆಮಾತಿನಷ್ಟೇ ಸಲೀಸಾಗಿತ್ತು.

ಆ ವರ್ಷ ನನ್ನ ಕೈಗೆ ಬಂದದ್ದು ಮಿತಾಲಿ ಎಂಬ ಹುಡುಗಿಯ ಮೊದಲ ಚಿತ್ರ. ವರ್ಷಗಟ್ಟಲೆ ಒಂದೇ ಸೆಲ್‌ನಲ್ಲಿದ್ದ ಹಾರು, ನಿತಾಯಿ ಎಂಬ ಇಬ್ಬರು ಕೈದಿಗಳ ಸ್ನೇಹದ ಕಥೆ. ನಡೆದ ಕಥೆಯೇ. ಬಿಡುಗಡೆಯಾಗಿ ಬಂದ ಹಾರುದಾ, ಅಂದರೆ ನಮ್ಮೆಲ್ಲರ ಹಾರು ಅಣ್ಣ, ತಾವೇ ಅದನ್ನು ಮಿತಾಲಿಗೆ ಹೇಳಿದ್ದರು. ನಿತಾಯಿ ಅಷ್ಟರಲ್ಲಿ ತೀರಿಕೊಂಡಿದ್ದ.

ಜಗಳ ಹತ್ತಿದ್ದು ಒಂದೇ ದೃಶ್ಯಕ್ಕೆ. ನಿತಾಯಿಗೆ ಮೊದಲು ಬಿಡುಗಡೆಯಾಗುತ್ತದೆ. ಗೇಟಿನ ಬಳಿ ತಿರುಗಿ ‘ಆಶಿ’ ಎನ್ನುತ್ತಾನೆ. ಒಳಗೇ ಉಳಿದ ಹಾರು ‘ಎಶೊ’ ಎನ್ನುತ್ತಾನೆ. ಹೊರಡುವ ಬಂಗಾಳಿ ‘ಹೋಗುತ್ತೇನೆ’ ಎನ್ನುವುದಿಲ್ಲ, ‘ಬರುತ್ತೇನೆ’ ಎನ್ನುತ್ತಾನೆ. ಕಳಿಸಿಕೊಡುವವರು ‘ಬಾ’ ಎನ್ನುತ್ತಾರೆ. ಆದರೆ ಇಂಗ್ಲಿಷ್ ಸಬ್‌ಟೈಟಲ್, ಅಂದರೆ ತೆರೆಯ ಕೆಳಗೆ ಮೂಡುವ ಅನುವಾದ, ಮಾಡಿದವರು ಬರೆದದ್ದು: ‘ಐ ಆಮ್ ಕಮಿಂಗ್.’ ‘ಕಮ್.’

ಸಾಲ್ಟ್ ಲೇಕ್‌ನ ಪ್ರಿವ್ಯೂ ಕೋಣೆಯಲ್ಲಿ ಅದನ್ನು ಓದಿ, ಬಂಗಾಳಿ ಬಾರದ ನಿರ್ಮಾಪಕರು ಹೊಟ್ಟೆ ಹಿಡಿದುಕೊಂಡು ನಕ್ಕರು.

“ಹೊರಗೆ ಹೋಗೋನು ಬರ್ತೀನಿ ಅಂತಾನೆ, ಒಳಗಿರೋನು ಬಾ ಅಂತಾನೆ. ಮತ್ತೆ ಜೈಲಿಗಾ? ಈ ಸೀನ್ ತೆಗೀರಿ. ಗೇಟು ಮುಚ್ಚಲಿ, ಸಿನಿಮಾ ಮುಗೀಲಿ.”

ಮಿತಾಲಿಯ ಮುಖ ಸಪ್ಪಗಾಯಿತು. ಆ ದೃಶ್ಯ ಹೋದರೆ ಅವಳ ಚಿತ್ರದಲ್ಲಿ ಜೈಲು ಉಳಿಯುತ್ತಿತ್ತು, ಸ್ನೇಹ ಉಳಿಯುತ್ತಿರಲಿಲ್ಲ. ನನಗಂತೂ ಮೈ ಉರಿದುಹೋಯಿತು. ಲೇಕ್ ಮಾರ್ಕೆಟ್ಟಿಗೆ ಕರಿಬೇವು ತರಲು ಹೊರಟ ಗಂಡನನ್ನೂ ನಾನು ಬಾಗಿಲಲ್ಲಿ ತಡೆಯುವವಳು: “ಹೋಗ್ತೀನಿ ಅನಬ್ಯಾಡ್ರಿ, ಹೋಗಿ ಬರ್ತೀನಿ ಅನ್ರಿ!”

“ಒಂದು ವಾರ ಕೊಡಿ,” ಎಂದೆ ನಿರ್ಮಾಪಕರಿಗೆ. “ಈ ಸೀನ್ ಮಾತ್ರ ನಾನು ತೆಗೆಯುವುದಿಲ್ಲ.”

ಮರುದಿನ ಹಾರುದಾ ಅವರನ್ನು ಸ್ಟುಡಿಯೋಗೆ ಕರೆಸಿ, ನಿತಾಯಿ ಹೋದ ಮೇಲೆ ಏನು ಮಾಡಿದಿರಿ ಎಂದು ಕೇಳಿದೆ.

“ಗಡ್ಡ ಬೋಳಿಸಿಕೊಂಡೆ, ದೀದಿ. ಆಶಿ ಅಂದಿದ್ದಾನೆ ಅಂದ್ಮೇಲೆ ಬಂದೇ ಬರ್ತಾನೆ. ನನ್ನ ನೋಡೋಕೆ ಬರೋನ ಎದುರಿಗೆ ಕಾಡುಪ್ರಾಣಿ ಥರ ನಿಲ್ಲೋಕಾಗುತ್ತಾ?”

ಗಡ್ಡ ಬೋಳಿಸಿಕೊಳ್ಳುವ ಶಾಟ್ ನಮ್ಮಲ್ಲಿತ್ತು! ಚಿತ್ರದ ನಡುವೆ ಎಲ್ಲೋ, ಜೈಲಿನ ದಿನಚರಿಯೆಂದು ಸೇರಿಸಿದ್ದೆವು. ಅದನ್ನು ಕಿತ್ತು ತಂದು ಗೇಟಿನ ದೃಶ್ಯದ ಬೆನ್ನಿಗೇ ಇಟ್ಟೆ. ಒಡೆದ ಕನ್ನಡಿ, ತಣ್ಣೀರು, ಒಬ್ಬಂಟಿ ಹಾರು. ಸಬ್‌ಟೈಟಲನ್ನು ನಾನೇ ತಿದ್ದಿದೆ. ನಮ್ಮ ‘ಹೋಗಿ ಬರ್ತೀನಿ’, ‘ಹೋಗಿ ಬಾ’ ಎನ್ನುವುದನ್ನೇ ಇಂಗ್ಲಿಷಿಗೆ ಇಳಿಸಿದೆ. ಇದು ಸರಿಯಾದ ಇಂಗ್ಲಿಷಾ ಎಂದು ಮಿತಾಲಿ ಹೆದರಿದಳು. ಇಂಗ್ಲಿಷಿನವರು ಬೇಕಾದರೆ ಕಲಿಯಲಿ ಎಂದೆ.

ವಾರದ ನಂತರ ಅದೇ ಕೋಣೆ. ಹಾರುದಾ ಹಿಂದಿನ ಸಾಲಿನಲ್ಲಿ ಕೂತಿದ್ದರು. ಈ ಸಲ ನಿರ್ಮಾಪಕರು ನಗಲಿಲ್ಲ. ದೀಪ ಹತ್ತಿದ ಮೇಲೆ ನನ್ನ ಕಡೆ ತಿರುಗಿ ಒಂದೇ ಮಾತು ಕೇಳಿದರು.

“ಆಮೇಲೆ ಅವನು ಬಂದನಾ?”

“ಒಂದು ಭೇಟಿಯ ದಿನವನ್ನೂ ತಪ್ಪಿಸಲಿಲ್ಲ,” ಎಂದರು ಹಿಂದಿನಿಂದ ಹಾರುದಾ.

ದೃಶ್ಯ ಉಳಿಯಿತು. ಎಡಿಟರ್ ಅಂದರೆ ಕತ್ತರಿಸುವವರು ಎಂದು ಜನ ತಿಳಿದಿದ್ದಾರೆ. ಯಾವುದಕ್ಕೆ ಕತ್ತರಿ ತಾಗಬಾರದೋ ಅದಕ್ಕಾಗಿ ಹಟ ಹಿಡಿಯುವುದೂ ಅಷ್ಟೇ ದೊಡ್ಡ ಕೆಲಸವೆಂದು ನನಗೆ ಕಲಿಸಿದ್ದು ಆ ಚಿತ್ರ.

ಅಂದು ಲಿಫ್ಟಿನ ಬಳಿ ಹಾರುದಾ ಕೈಮುಗಿದರು. ನೋಡಲು ಬರುತ್ತಿದ್ದ ಗೆಳೆಯ ಈಗಿಲ್ಲ. ಆದರೂ ಗಡ್ಡ ನುಣ್ಣಗೆ ಬೋಳಿಸಿಕೊಂಡಿದ್ದರು.

“ಆಶಿ, ದೀದಿ,” ಎಂದರು.

“ಹೋಗಿ ಬರ್ರಿ,” ಎಂದೆ. ಬಾಯಿಗೆ ಬಂದದ್ದು ಕನ್ನಡ. ಅವರಿಗೆ ಅರ್ಥವಾಯಿತು.