ತಂಗಿಯ ವಿಮಾನದಲ್ಲಿ ಹೊಗೆ

ಮೊದಲು ಬಂದದ್ದು ಗಂಟೆಯ ಸದ್ದೋ ಸುಟ್ಟ ವಾಸನೆಯೋ, ಈಗ ಹೇಳಲಾರೆ. ನಾವು ಕೂತದ್ದು ವಿಮಾನದ ಹಿಂಬದಿಯಲ್ಲಿ, ಶೌಚಾಲಯಕ್ಕೆ ತೀರ ಹತ್ತಿರ ಎಂದು ನನ್ನ ನೆನಪು. ಅಲ್ಲ, ಇನ್ನೂ ಬಹಳ ಮುಂದಿದ್ದೆವು ಎನ್ನುತ್ತಾರೆ ಅಪ್ಪ. ಅವರ ಮಾತು ನಿಜವಾದರೆ, ನಾನು ಕಣ್ಣಾರೆ ಕಂಡೆ ಅಂದುಕೊಂಡಿರುವುದರಲ್ಲಿ ಅರ್ಧವನ್ನು ಆಮೇಲೆ ತಂಗಿಯಿಂದಲೇ ಕೇಳಿರಬೇಕು. ಹೊಟ್ಟೆಕಿಚ್ಚಿನ ಕಣ್ಣಿಗೆ ಎಷ್ಟು ದೂರದ್ದು ಕಾಣುತ್ತದೋ ಗೊತ್ತಿಲ್ಲ.

ತಂಗಿ ಆ ವಿಮಾನದಲ್ಲಿ ಗಗನಸಖಿ. ಅವಳ ಮನೆಯವರೆಂಬ ಕಾರಣಕ್ಕೆ ಸಿಕ್ಕ ಟಿಕೆಟಿನಲ್ಲಿ ಅಪ್ಪ ಮತ್ತು ನಾನು ಹೈದರಾಬಾದಿನಿಂದ ದಿಲ್ಲಿಗೆ ಹೊರಟಿದ್ದೆವು. ಅಪ್ಪನಿಗೆ ಅದು ಮೊದಲ ವಿಮಾನ. ಅವ್ವ ಬರಲಿಲ್ಲ. "ನೆಲದ ಮ್ಯಾಲೆ ಓಡೂ ಗಾಡಿನ ಸಾಕು ನನಗ," ಅಂದಿದ್ದಳು.

ಅಪ್ಪ ಧಾರವಾಡದ ಕಡೆಯವರು. ರಕ್ಷಣಾ ಇಲಾಖೆಯ ಕಾರ್ಖಾನೆಯ ಕೆಲಸಕ್ಕೆ ಬಂದು ಹೈದರಾಬಾದಿನ ಕೂಕಟ್‌ಪಲ್ಲಿಯಲ್ಲಿ ನೆಲೆಸಿದವರು. ನಾನು ಎಂ.ಎಸ್ಸಿ. ಮುಗಿಸಿದ ವರ್ಷ ಸಿಕಂದರಾಬಾದಿನ ಹೋಟೆಲೊಂದರಲ್ಲಿ ಗಗನಸಖಿಯರ ಸಂದರ್ಶನ ನಡೆದಿತ್ತು. ಗೆಳತಿಗೆ ಜೊತೆಯಾಗಿ ಹೋದವಳು ನಾನೂ ಸಾಲಿನಲ್ಲಿ ನಿಂತು, ಮೊದಲ ಸುತ್ತಿನಲ್ಲಿ ಆಯ್ಕೆಯಾಗಿ ಬಂದೆ. ಅಪ್ಪ ಚಹಾದ ಕಪ್ಪನ್ನು ಕೆಳಗೂ ಇಡದೆ ಹೇಳಿದರು: "ಮಂದಿಗೆ ಚಾ ಕೊಡಾಕ ಎಂ.ಎಸ್ಸಿ. ಓದಿದ್ಯೇನವಾ? ಬ್ಯಾಡ."

ಮಾಧಾಪುರದಲ್ಲಿ ಆಗ ಎತ್ತ ನೋಡಿದರೂ ಗಾಜಿನ ಕಟ್ಟಡಗಳು ಏಳುತ್ತಿದ್ದವು. ಅಂಥದ್ದೊಂದರಲ್ಲಿ, ಬೇರೆಯವರು ಬರೆದ ಸಾಫ್ಟ್‌ವೇರಿನಲ್ಲಿ ತಪ್ಪು ಹುಡುಕುವ ಕೆಲಸ ನನಗೆ ಸಿಕ್ಕಿತು. ಕೆಲವು ವರ್ಷಗಳ ಮೇಲೆ ತಂಗಿ ಅದೇ ಗಗನಸಖಿಯ ಕೆಲಸಕ್ಕೆ ಅರ್ಜಿ ಹಾಕಿದಾಗ, ಅಪ್ಪನೇ ಸ್ಕೂಟರಿನಲ್ಲಿ ಕೂರಿಸಿಕೊಂಡು ಸಂದರ್ಶನಕ್ಕೆ ಕರೆದೊಯ್ದರು. ಇಸ್ತ್ರಿ ಮಾಡಿದ ಅವಳ ದುಪಟ್ಟಾ ಗಾಳಿಗೆ ಮುದುಡಬಾರದೆಂದು ಮಡಿಸಿ ತಮ್ಮ ಅಂಗಿಯೊಳಗೆ ಇಟ್ಟುಕೊಂಡಿದ್ದರು. ಇದೊಂದನ್ನು ನಾನು ತಪ್ಪಾಗಿ ನೆನಪಿಟ್ಟಿಲ್ಲ. ಬಾಲ್ಕನಿಯಲ್ಲಿ ನಿಂತು ನೋಡಿದ್ದೇನೆ.

ತರಬೇತಿಯಲ್ಲಿ ಅವಳನ್ನು ಹೊಗೆ ತುಂಬಿದ ಕೋಣೆಯಲ್ಲಿ ತೆವಳಿಸುತ್ತಿದ್ದರಂತೆ. ಪರೀಕ್ಷೆಗೆ ಅವಳಿಂದ ಪಾಠ ಒಪ್ಪಿಸಿಕೊಳ್ಳುವವಳು ನಾನು. ಮುಚ್ಚಿದ ಬಾಗಿಲ ಹಿಂದೆ ಹೊಗೆಯಿದ್ದರೆ ಮೊದಲು ಕೈಯ ಹಿಂಭಾಗವನ್ನು ಬಾಗಿಲಿಗೆ ತಾಗಿಸಿ ಬಿಸಿ ನೋಡಬೇಕು; ಅಂಗೈ ಸುಟ್ಟುಕೊಂಡರೆ ಬೆಂಕಿ ಆರಿಸುವ ಸಿಲಿಂಡರ್ ಹಿಡಿಯಲಾಗುವುದಿಲ್ಲ. ಬಾಗಿಲನ್ನು ಪೂರ್ತಿ ತೆರೆಯಬಾರದು, ಗಾಳಿ ಸಿಕ್ಕರೆ ಉರಿ ಏಳುತ್ತದೆ. ಒಬ್ಬಳು ಬೆಂಕಿಯ ಎದುರಿಗೆ, ಒಬ್ಬಳು ಫೋನಿನಲ್ಲಿ ಪೈಲಟ್‌ ಜೊತೆ, ಇನ್ನೊಬ್ಬಳು ಬೇಕಾದ್ದನ್ನು ತಂದುಕೊಡಲು, ಜನರನ್ನು ದೂರ ಕೂರಿಸಲು. ಅವಳಿಗಿಂತ ಮೊದಲು ನನಗೇ ಬಾಯಿಪಾಠವಾಯಿತು.

ಮನೆಯಲ್ಲಿ ಅವಳು ಬಚ್ಚಲುಮನೆಯ ಬಾಗಿಲಿಗೂ ಹಾಗೆ ಕೈ ತಾಗಿಸಿ ನೋಡುವಳು. ಒಮ್ಮೆ ಒಳಗಿನಿಂದ ಅವ್ವ ಕೂಗಿದಳು: "ಏ ಹುಡುಗೀ, ಒಳಗ ಬೆಂಕಿ ಇಲ್ಲ, ನಿಮ್ಮವ್ವ ಅದಾಳ!"

"ಎರಡೂ ಒಂದ ಬಿಡವಾ!"

ಅಪ್ಪ ಕಣ್ಣಲ್ಲಿ ನೀರು ಬರುವಷ್ಟು ನಕ್ಕರು. ನನ್ನ ಯಾವ ಮಾತಿಗೂ ಅವರು ಹಾಗೆ ನಕ್ಕ ನೆನಪಿಲ್ಲ.

ವಿಮಾನ ಹತ್ತಿದ ಮೇಲೆ ತಂಗಿ ನಮ್ಮ ಬಳಿ ಬಗ್ಗಿ, "ಸರ್, ಬೆಲ್ಟ್ ಕಟ್ಕೊಳ್ರಿ," ಅಂದಳು. ಅಪ್ಪ ನನಗೆ ಮೊಣಕೈಯಿಂದ ತಿವಿದರು. "ನೋಡಿದ್ಯಾ, ಹಡೆದಪ್ಪಗ ಸರ್ ಅಂತಾಳ!"

"ಎಲ್ಲಾರಿಗೂ ಹಂಗ ಅಂತಾಳ ಬಿಡ್ರಿ," ಅಂದೆ. ಅವರ ಕಿವಿಗೆ ಬೀಳಲಿಲ್ಲ.

ಊಟದ ತಟ್ಟೆಗಳನ್ನು ತೆಗೆದುಕೊಂಡು ಹೋದ ಮೇಲೆ ಹೊಗೆಯ ಎಚ್ಚರಿಕೆಯ ಗಂಟೆ ಬಡಿಯಿತು. ಹಿಂದಿನ ಶೌಚಾಲಯದ ಬಾಗಿಲ ಕೆಳಗಿನ ಸೀಳುಗಳಿಂದ ಬೂದು ಹೊಗೆ ಹೊರಬರುತ್ತಿತ್ತು. ತಂಗಿ ಓಡಲಿಲ್ಲ, ಬಿರುಸಾಗಿ ನಡೆದಳು. ಕೈಯ ಹಿಂಭಾಗವನ್ನು ಬಾಗಿಲ ಮೇಲೆ ಆಡಿಸಿದಳು. ಅವಳ ಜೊತೆಯವಳು ಆಗಲೇ ಫೋನು ಹಿಡಿದು ಹೊಗೆಯ ಬಣ್ಣ, ವಾಸನೆ ಎಲ್ಲ ಪೈಲಟ್‌ಗೆ ಹೇಳುತ್ತಿದ್ದಳು. ಮೂರನೆಯವಳು ಕೊನೆಯ ಸಾಲಿನವರನ್ನು ಎಬ್ಬಿಸಿ ಮುಂದೆ ಕಳಿಸಿದಳು. ಒದ್ದೆ ಬಟ್ಟೆ ಹಂಚುತ್ತ, ಮೂಗು ಮುಚ್ಚಿಕೊಂಡು ತಲೆ ತಗ್ಗಿಸಿ ಎಂದು ಹಿಂದಿಯಲ್ಲಿ ಹೇಳುತ್ತ ಬಂದಳು. ತಂಗಿ ಹೊಗೆ ತಡೆಯುವ ಮುಸುಕನ್ನು ತಲೆಗೆ ಎಳೆದುಕೊಂಡು, ಬಾಗಿಲನ್ನು ಸ್ವಲ್ಪವೇ ಸರಿಸಿ, ಸಿಲಿಂಡರಿನ ಮೂತಿಯನ್ನು ಒಳಗೆ ತೂರಿಸಿ ಸಿಂಪಡಿಸಿದಳು. ಮುಚ್ಚಿದಳು. ಕಾದಳು.

ನಾನು ಮನಸ್ಸಿನಲ್ಲೇ ಒಂದೊಂದನ್ನೂ ಒಪ್ಪಿಸಿಕೊಳ್ಳುತ್ತಿದ್ದೆ. ತಪ್ಪು ಹುಡುಕುವುದು ನನ್ನ ಉದ್ಯೋಗ, ಒಂದೂ ಸಿಗಲಿಲ್ಲ. ಸಿಗಲಿ ಎಂದು ಬಯಸಿದ್ದೆನೇ? ಅವಳು ತಪ್ಪಿದ್ದರೆ ಅದೇ ವಿಮಾನದಲ್ಲಿ ನಾನೂ ಇದ್ದೆ. ಆದರೂ ಬಯಸಲಿಲ್ಲ ಎಂದು ಬರೆಯಲು ಧೈರ್ಯ ಸಾಲದು.

ಕಸದ ಡಬ್ಬಿಯಲ್ಲಿ ಯಾರೋ ಎಸೆದ ಸಿಗರೇಟಿನ ತುಂಡಿನಿಂದ ಕಾಗದ ಹೊತ್ತಿಕೊಂಡಿತ್ತಂತೆ. ಆರಿದ ಮೇಲೂ ಅವಳು ಅದನ್ನು ನಂಬಲಿಲ್ಲ. ನೀರು ಸುರಿದಳು, ಮತ್ತೆ ಮತ್ತೆ ಹೋಗಿ ನೋಡಿದಳು. ಪೈಲಟ್ ಧ್ವನಿವರ್ಧಕದಲ್ಲಿ, ಹೊಗೆ ನಿಂತಿದೆ, ದಿಲ್ಲಿಗೇ ಹೋಗುತ್ತೇವೆ ಎಂದರು.

ಇಡೀ ಪಾಠ ಬಾಯಿಗೆ ಬರುತ್ತಿದ್ದ ನಾನು ಮಾತ್ರ ಕಟ್ಟಿದ್ದ ಬೆಲ್ಟನ್ನೇ ಮತ್ತೆ ಮತ್ತೆ ಬಿಗಿ ಮಾಡಿಕೊಳ್ಳುತ್ತಿದ್ದೆ. ಪಕ್ಕದಲ್ಲಿ ಅಪ್ಪ ಒದ್ದೆ ಬಟ್ಟೆಯನ್ನು ಮೂಗಿಗೆ ಒತ್ತಿಕೊಂಡು, ಬಸ್ಸಿನಲ್ಲಿ ಕೂತವರಂತೆ ಕೂತಿದ್ದರು.

"ಯಾಕ ಅಂಜತೀಯವಾ? ಅಲ್ಲಿ ಅಕಿ ಅದಾಳಲ್ಲ," ಅಂದರು.

ಅವರು ನನಗೆ ಬೇಡವೆಂದದ್ದು ಆ ಕೆಲಸವನ್ನು ಕೀಳಾಗಿ ಕಂಡದ್ದಕ್ಕೆ ಎಂದು ಅಲ್ಲಿಯವರೆಗೆ ನಂಬಿದ್ದೆ. ಆ ನಂಬಿಕೆಯಲ್ಲಿ ಒಂದು ಬಗೆಯ ಸಮಾಧಾನವಿತ್ತು. ಕಾಲ ಬದಲಾಯಿತು, ಅಪ್ಪನೂ ಬದಲಾದರು, ನಾನು ಮೊದಲು ಹುಟ್ಟಿದ್ದೇ ತಪ್ಪು ಎಂದುಕೊಂಡು ಸುಮ್ಮನಿರಬಹುದಿತ್ತು. ಅವರ ಆ ನಿಶ್ಚಿಂತೆಯ ಮುಖ ನೋಡಿದ ಮೇಲೆ ಅದು ಆಗಲಿಲ್ಲ. ಅವರು ನಮ್ಮಿಬ್ಬರನ್ನೂ ಚಿಕ್ಕಂದಿನಿಂದ ಬಲ್ಲವರು. ನನ್ನಲ್ಲಿ ಇಲ್ಲದ್ದೇನನ್ನೋ ಆಗಲೇ ಕಂಡಿದ್ದರೇ?

ದಿಲ್ಲಿಯಲ್ಲಿ ಇಳಿದು ತಂಗಿಗಾಗಿ ಕಾಯುವಾಗ ಕೇಳಿಯೇಬಿಟ್ಟೆ. ಅಪ್ಪ ಬಾಗಿಲ ಕಡೆಯಿಂದ ಕಣ್ಣು ತೆಗೆಯದೆ, "ಇನ್ನೂ ಬರಲಿಲ್ಲಲ್ಲ ಅಕಿ," ಅಂದರು. ಆಮೇಲೆ ಕೂಕಟ್‌ಪಲ್ಲಿಯ ಮನೆಯಲ್ಲೂ ಇನ್ನೊಮ್ಮೆ ಕೇಳಿದೆ, ಪೇಪರು ತಿರುವಿದರು. ನಾನು ಕೇಳಿದ್ದು ಇಷ್ಟು:

"ಅಪ್ಪಾ, ಅವತ್ತ ನೀವು ಬ್ಯಾಡ ಅಂದಿದ್ದು ಆ ಕೆಲಸ ಚಲೋ ಅಲ್ಲಂತೋ, ನನ್ನ ಕೈಲೆ ಆಗೂದಿಲ್ಲಂತೋ?"